ನೀರುನಾಯಿಯ ಮೀಸೆ

ತುಂಗಭದ್ರೆಯ ದಡದಲ್ಲಿ ರುದ್ರಮುನಿ ಎಂಬ ಛಾಯಾಗ್ರಾಹಕರಿದ್ದರು. ಕಾಡುಪ್ರಾಣಿಗಳ ಚಿತ್ರ ತೆಗೆಯಲು ಕಲಿಯಬಂದವರಿಗೆ ಅವರೇ ಗುರು, ಅವರ ಮನೆಯೇ ಆಶ್ರಮ.

ಶಿಷ್ಯೆ ಇಂದುಮತಿ ವರ್ಷದ ಮೇಲೆ ಅಲ್ಲಿಗೆ ಬಂದಳು. ಬಂಡೆಯಿಂದ ಜಾರಿ ಬಿದ್ದು ಅವಳ ಭುಜ ಮುರಿದಿತ್ತು. ಮೂಳೆಯೇನೋ ಕೂಡಿತ್ತು. ಆದರೆ ಇನ್ನು ಭಾರ ಹೊರಬಾರದೆಂದು ವೈದ್ಯರು ಹೇಳಿದ್ದರು.

“ಗುರುಗಳೇ, ನನ್ನ ದೊಡ್ಡ ಕ್ಯಾಮೆರಾ ಎತ್ತಲಾರೆ. ಅದರಷ್ಟೇ ಚೆನ್ನಾಗಿ ಚಿತ್ರ ಕೊಡುವ, ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಯಾವುದು?”

“ಅಂಥದ್ದಿಲ್ಲ.”

ಅವಳ ಕಣ್ಣು ತುಂಬಿತು. “ಹಾಗಾದರೆ ನನ್ನ ಕೆಲಸ ಇಲ್ಲಿಗೆ ಮುಗಿಯಿತೇ?”

ಗುರು ತಮ್ಮ ಪುಟ್ಟ ಜೂಮ್ ಕ್ಯಾಮೆರಾವನ್ನು ಅವಳ ಅಂಗೈಯಲ್ಲಿಟ್ಟು, “ನಡಿ” ಎಂದರು.

ನದಿಯ ಬಂಡೆಗಳ ಮೇಲೆ ಬಹಳ ಹೊತ್ತು ನಡೆದರು. ಮೊದಮೊದಲು ಇಂದುಮತಿ ಒಂದೊಂದು ಬಂಡೆಯನ್ನೂ ಕಾಲಿನಿಂದ ಒತ್ತಿ ನೋಡಿ ಹೆಜ್ಜೆಯಿಟ್ಟಳು. ಕ್ಯಾಮೆರಾ ಜೇಬಿನಲ್ಲಿತ್ತು, ಎರಡೂ ಕೈ ಖಾಲಿ. ಕಲ್ಲು ಹಿಡಿದು ಹತ್ತಿದಳು.

ದೂರದಲ್ಲಿ, ಮಡುವಿನ ಅಂಚಿನಲ್ಲಿ, ತಾಯಿ ನೀರುನಾಯಿಯೊಂದು ಮರಿಗೆ ಮೀನು ತಿನ್ನಿಸುತ್ತಿತ್ತು.

ಇಂದುಮತಿ ಜೂಮನ್ನು ಕೊನೆತನಕ ಎಳೆದು ಚಿತ್ರ ತೆಗೆದಳು. ನೋಡಿದಳು. ಮುಖ ಬಾಡಿತು.

“ಮೀಸೆಯೇ ಕಾಣುತ್ತಿಲ್ಲ ಗುರುಗಳೇ. ಎಲ್ಲ ಕಲಸಿಹೋಗಿದೆ.”

“ಈ ಕ್ಯಾಮೆರಾದ ಕಣ್ಣು ಚಿಕ್ಕದು ತಾಯಿ. ಅಷ್ಟು ದೂರಕ್ಕೆ ಎಳೆದರೆ ಬೆಳಕು ಸಾಲದು. ಅರ್ಧಕ್ಕೆ ಇಳಿಸು.”

“ಆಗ ಪ್ರಾಣಿ ಸಾಸಿವೆಯಷ್ಟಾಗುತ್ತದೆ.”

“ಆಗಲಿ. ಮಿಕ್ಕ ಅರ್ಧ ಯಾರು ನಡೆಯಬೇಕು?”

ಅವಳು ಗುರುವಿನ ಮುಖ ನೋಡಿದಳು. ಆಮೇಲೆ ಬಗ್ಗಿ, ಬಂಡೆಯ ಮರೆಯಿಂದ ಮರೆಗೆ ಸರಿಯತೊಡಗಿದಳು. ಮೋಡ ಕವಿದಾಗ ಸುಮ್ಮನೆ ಕಾದಳು. ಬಿಸಿಲು ಬಿದ್ದೊಡನೆ ಕಲ್ಲಿಗೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ತಾಯಿ ನೀರುನಾಯಿ ತಲೆಯೆತ್ತಿ ಒಮ್ಮೆ ನೋಡಿತು. ಮತ್ತೆ ಮೀನಿಗೆ ಬಾಯಿ ಹಾಕಿತು.

ಮರಳಿ ಬಂದು ಚಿತ್ರ ತೋರಿಸಿದಳು. ಮೀಸೆಯ ಒಂದೊಂದು ಕೂದಲೂ ಎಣಿಸುವಂತಿತ್ತು, ತುದಿಯಲ್ಲಿ ನೀರಹನಿ. ಇಂದುಮತಿ ನಕ್ಕುಬಿಟ್ಟಳು. ಬಿದ್ದ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ.

“ಗೋಡೆಯಷ್ಟು ದೊಡ್ಡದು ಮಾಡಿದರೆ ಈ ಚಿತ್ರ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ, ಅಲ್ಲವೇ?”

“ಒಡೆಯುತ್ತದೆ.”

“ದೊಡ್ಡ ಕ್ಯಾಮೆರಾದಲ್ಲಿ ಒಡೆಯುತ್ತಿರಲಿಲ್ಲ.”

“ಇಲ್ಲ. ಒಡೆಯುತ್ತಿರಲಿಲ್ಲ.”

ಇಬ್ಬರೂ ಮರಳಿನ ಮೇಲೆ ಕುಳಿತರು. ನೀರು ಬಂಡೆಗಳ ನಡುವೆ ಹರಿಯುತ್ತಿತ್ತು.

“ಹಾಗಾದರೆ ನಾಳೆ ಯಾವುದನ್ನು ತರಲಿ ಗುರುಗಳೇ? ಇದನ್ನೋ, ಯಾರ ಕೈಲಾದರೂ ಹೊರಿಸಿಕೊಂಡು ಅದನ್ನೋ?”

ಗುರು ಎದ್ದು ಪಂಚೆಗಂಟಿದ ಮರಳು ಕೊಡವಿದರು.

“ನಾಳೆ ಎಲ್ಲಿಗೆ ಹೋಗಬೇಕೆಂದು ನಿನಗೆ ಆಸೆ? ಅದನ್ನು ಮೊದಲು ಹೇಳು.”