ಗುರ್ರೆನ್ನದ ನಾಯಿ

"ನೋಡಿ ಬುದ್ಧಿ, ಮತ್ತೆ ಬಂದಳು! ನಿಮ್ಮ ಮುಂದೆ ಕೂತು ಎರಡು ಮಾತು ಆಡೋಣವೆಂದರೆ ಇವಳು ಬಿಡುವುದಿಲ್ಲ. ಊಟಕ್ಕೆ ಕರೆದರೆ ಕಿವಿ ಕೇಳಿಸದು. ನಾನು ಕೂತ ಕೂಡಲೇ ಇವಳಿಗೆ ನೂರು ಮಾತು ಹುಟ್ಟುತ್ತವೆ."

ಶಿವಮಲ್ಲಿ ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳಲ್ಲಿ ಒಂದು ಪ್ರಶ್ನೆ ಕೇಳಿ ಹೋಗುತ್ತಿದ್ದಳು. ಅಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಐದು ವರ್ಷದ ಮಗಳು ಸುಗುಣ ಎರಡು ಸಲ ಸೆರಗು ಎಳೆದಿದ್ದಳು. ಇದು ಮೂರನೆಯ ಸಲ.

"ಅವ್ವಾ, ನನಗೆ..."

"ಬಾಯಿ ಮುಚ್ಚು! ಇನ್ನೊಂದು ಸಲ ಅವ್ವಾ ಅಂದರೆ ನಾಲಿಗೆಗೆ ಬರೆ ಹಾಕುತ್ತೇನೆ."

ಮಗು ಬಾಯಿ ಮುಚ್ಚಿತು. ಹಿಂದೆ ಸರಿದು ಕಂಬಕ್ಕೆ ಒರಗಿ ಕೂತಿತು.

"ಇದೇ ಇವತ್ತಿನ ಪ್ರಶ್ನೆ ಅಂದುಕೊಳ್ಳಿ ಬುದ್ಧಿ. ಮಕ್ಕಳಿಗೆ ಸುಮ್ಮನಿರುವುದನ್ನು ಕಲಿಸುವುದು ಹೇಗೆ?"

ಗುರುಗಳು ಮಗುವಿನ ಕಡೆ ಒಮ್ಮೆ ನೋಡಿ, ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನಲ್ಲಿ ಒಂದು ನಾಯಿಯಿತ್ತು. ಅವನು ನೇಯುವಾಗ ಅದು ಮಗ್ಗದ ಪಕ್ಕದಲ್ಲಿ ಮಲಗುತ್ತಿತ್ತು. ಬಿಡುವಾದಾಗ ಅವನು ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ. ಒಂದು ದಿನ ಕಿವಿ ಮುಟ್ಟಿದಾಗ ನಾಯಿ ಗುರ್ರೆಂದಿತು.

"ಅನ್ನ ಹಾಕಿದ ಕೈಗೇ ಗುರ್ರೆನ್ನುತ್ತೀಯಾ?" ಎಂದು ನೇಕಾರ ಕೋಲು ತೆಗೆದುಕೊಂಡು ಹೊಡೆದ. ಮರುದಿನ ಮತ್ತೆ ಮುಟ್ಟಿದ. ಮತ್ತೆ ಗುರ್ರೆಂದಿತು. ಮತ್ತೆ ಹೊಡೆದ.

ಮೂರನೆಯ ದಿನ ನಾಯಿ ಗುರ್ರೆನ್ನಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿತು. ತುಟಿ ನೆಕ್ಕಿಕೊಂಡಿತು. ಬಾಲ ಹೊಟ್ಟೆಯಡಿಗೆ ಸೇರಿಸಿಕೊಂಡು ನಡುಗಿತು. ನಾಯಿಗೆ ವಿನಯ ಬಂತೆಂದು ನೇಕಾರ ಹಿಗ್ಗಿದ. ನೆರೆಯವರನ್ನು ಕರೆದು, "ಎಲ್ಲಿ ಮುಟ್ಟಿದರೂ ಉಸಿರೆತ್ತುವುದಿಲ್ಲ, ನೋಡಿ" ಎಂದು ತೋರಿಸಿದ. ಸಾಕಿದರೆ ಹೀಗೆ ಸಾಕಬೇಕು ಎಂದು ಅವರೂ ತಲೆದೂಗಿದರು.

ಒಂದು ವಾರ ಕಳೆಯಿತು. ನೇಕಾರನ ಮಗು ಆಡುತ್ತಾ ನಾಯಿಯ ಕಿವಿ ಹಿಡಿದು ಎಳೆಯಿತು. ನಾಯಿ ಸದ್ದಿಲ್ಲದೆ ಅದರ ಕೈಗೆ ಬಾಯಿ ಹಾಕಿತು. ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ನೇಕಾರ ನಾಯಿಯನ್ನು ಹಗ್ಗದಿಂದ ಕಟ್ಟಿ, ಕೊಂದೇ ಬಿಡುತ್ತೇನೆಂದು ಅದೇ ಕೋಲು ಎತ್ತಿದ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಕುರಿಗಾಹಿ ಅವನ ಕೈ ಹಿಡಿದ. ನಾಯಿಯ ಮೂತಿಗೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಕಿವಿ ಬಿಡಿಸಿ ನೋಡಿದ. ಒಳಗೆ ಒಂದು ಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು. ಸುತ್ತಲೂ ಕೀವಾಗಿತ್ತು. ಅವನು ಮುಳ್ಳು ತೆಗೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ನಾಯಿ ಅವನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು.

"ಇಷ್ಟು ನೋವಿತ್ತೇ? ಕಚ್ಚುವ ಮೊದಲು ಒಂದು ಸಲವಾದರೂ ಗುರ್ರೆನ್ನಬಾರದಿತ್ತೇ?" ಎಂದ ನೇಕಾರ.

ಕುರಿಗಾಹಿ ನೇಕಾರನ ಕೈಯಲ್ಲಿದ್ದ ಕೋಲನ್ನು ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿವಮಲ್ಲಿಗೆ ತಡೆಯಲಾಗಲಿಲ್ಲ.

"ಅಯ್ಯೋ ಪಾಪ! ಬಾಯಿಲ್ಲದ ಪ್ರಾಣಿ, ಅದಕ್ಕೆ ಬರುವ ಭಾಷೆಯಲ್ಲಿ ಎರಡೆರಡು ಸಲ ಹೇಳಿತಲ್ಲ ಬುದ್ಧಿ! ಆ ನೇಕಾರನಿಗೇನು ಕಿವಿಯಲ್ಲಿ ಹತ್ತಿ ತುಂಬಿತ್ತೇ? ಕೋಲಿನಲ್ಲಿ ಅವನಿಗೇ ನಾಲ್ಕು ಬಾರಿಸಬೇಕಿತ್ತು."

ಗುರುಗಳು ಕಂಬದ ಕಡೆ ನೋಡಿದರು. ಮಗು ಇನ್ನೂ ಬಾಯಿ ಮುಚ್ಚಿಕೊಂಡೇ ಕೂತಿತ್ತು.

"ನಿನ್ನ ಮಗಳು ಮೂರು ಸಲ ಬಂದಳು ತಾಯಿ, ಏನು ಹೇಳಲು?"