ನರಿ ತೋರಿಸಿದ ಬೆಟ್ಟದ ದಾರಿ

ಮುಗಿಲು ಮುಟ್ಟುವ ಬೆಟ್ಟವೊಂದರ ಬುಡದಲ್ಲಿ ಕುರುಚಲು ಕಾಡಿತ್ತು. ಆ ಬೆಟ್ಟ ನೋಡಲೆಂದು ಮನುಷ್ಯರು ಎಲ್ಲೆಲ್ಲಿಂದಲೋ ಜೀಪು ಹತ್ತಿ ಬರುತ್ತಿದ್ದರು. ಅದರ ನೆರಳಲ್ಲೇ ಹುಟ್ಟಿ ಬೆಳೆದ ಪ್ರಾಣಿಗಳು ಮಾತ್ರ ಒಮ್ಮೆಯೂ ಮೇಲೆ ಹತ್ತಿರಲಿಲ್ಲ.

ಆ ಕಾಡಿನಲ್ಲಿ ಕೆಂಚಿ ಎಂಬ ಕಾಡುಕುರಿ, ಅಂದರೆ ಬೊಗಳುವ ಸಣ್ಣ ಜಿಂಕೆ, ಇದ್ದಳು. ಅವಳು ಚೊಚ್ಚಲ ಬಸುರಿ. ಅವಳಂಥ ಅಂಜುಬುರುಕಿ ಸುತ್ತಮುತ್ತ ಇನ್ನೊಬ್ಬಳಿರಲಿಲ್ಲ. ತರಗೆಲೆ ಸರಕ್ಕೆಂದರೆ ಸಾಕು, ನಾಯಿಯಂತೆ ಬೊಗಳಿ ಪೊದೆ ಸೇರುತ್ತಿದ್ದಳು. ಉಳಿದ ಪ್ರಾಣಿಗಳು ಬಿದ್ದು ಬಿದ್ದು ನಗುತ್ತಿದ್ದವು.

ಆ ವರ್ಷ ಬೇಸಿಗೆ ಬಲು ಕಡುವಾಗಿ ಬಂತು. ಹುಲ್ಲು ಸುಟ್ಟು ಕಂದಾಯಿತು. ಹಳ್ಳದಲ್ಲಿ ಕೆಸರಷ್ಟೇ ಉಳಿಯಿತು. ಆಗ ಎಲ್ಲಿಂದಲೋ ನರಿಯೊಬ್ಬ ಬಂದ. ಅವನ ಮಾತು ಜೇನಿನಂತೆ ಸಿಹಿ. ಹಾಗಾಗಿ ಎಲ್ಲರೂ ಅವನನ್ನು ಸವಿಯಣ್ಣ ಎಂದೇ ಕರೆದರು.

"ಅಯ್ಯೋ, ಇಲ್ಲಿ ಯಾಕೆ ಒಣಗುತ್ತೀರಿ?" ಎಂದ ಸವಿಯಣ್ಣ. "ಬೆಟ್ಟದ ನೆತ್ತಿಯಲ್ಲಿ ಎದೆಮಟ್ಟ ಹುಲ್ಲಿದೆ. ಬತ್ತದ ಕೊಳವಿದೆ. ದಾರಿ ನನಗೆ ಗೊತ್ತು. ಬರುವವರು ಬನ್ನಿ!"

ಮೊದಲ ಸಲ ಕೆಲವು ಮೊಲಗಳು ಹೊರಟವು. ಅವುಗಳಲ್ಲಿ ಕೆಂಚಿಯ ನೆರೆಯ ಪೊದೆಯ ಬೆಳ್ಳಿಯೂ ಇದ್ದಳು. ಅವಳ ಗಂಡ ಕುಪ್ಪ ಕಾಲುನೋವಿನಿಂದ ಹಿಂದೆ ಉಳಿದ. ಮರುದಿನ ಸವಿಯಣ್ಣ ಒಬ್ಬನೇ ಕೆಳಗಿಳಿದು ಬಂದ. ಅವನ ಹೊಟ್ಟೆ ದುಂಡಗಾಗಿತ್ತು.

"ಬೆಳ್ಳಿ ಎಲ್ಲಿ?" ಎಂದು ಕುಪ್ಪ ಕೇಳಿದ.

"ಅವಳು ಅಲ್ಲಿಂದ ಕದಲಿದರೆ ತಾನೇ! 'ನನ್ನ ಕುಪ್ಪನನ್ನೂ ಕರೆದುಕೊಂಡು ಬಾ ಸವಿಯಣ್ಣ' ಅಂದಳು" ಎಂದು ನರಿ ನಕ್ಕ.

ಕುಪ್ಪನ ಕಣ್ಣು ಅರಳಿತು. ಕೆಂಚಿಯ ಎದೆ ಮಾತ್ರ ಯಾಕೋ ಝಲ್ಲೆಂದಿತು. ಬೆಳ್ಳಿ ಗಂಡನನ್ನು ಬಿಟ್ಟು ಒಂದು ಹೊತ್ತು ಇದ್ದವಳಲ್ಲ. ಬೇರೆಯವರ ಬಾಯಲ್ಲಿ ಹೇಳಿಕಳಿಸಿ ಸುಮ್ಮನೆ ಕೂರುವವಳೂ ಅಲ್ಲ.

ಆದರೆ ಹಸಿವು ಅವಳನ್ನೂ ಬಿಡಲಿಲ್ಲ. ಹೊಟ್ಟೆಯೊಳಗಿನ ಮರಿ ಒದೆಯುತ್ತಿತ್ತು. ಹಸಿರು ಮೇಯದಿದ್ದರೆ ಮರಿಗೆ ಹಾಲೆಲ್ಲಿಂದ ಬರಬೇಕು? ಎರಡನೆಯ ಸಲ ಹೊರಡುವವರ ಜೊತೆ ತಾನೂ ಬರುತ್ತೇನೆಂದು ಕೆಂಚಿ ಅಳುಕುತ್ತಲೇ ಒಪ್ಪಿದಳು. ಕುಪ್ಪ ಕುಂಟುತ್ತಾ ಬಂದ. ಮುಳ್ಳಜ್ಜ ಎಂಬ ಮುದಿ ಮುಳ್ಳುಹಂದಿಯೂ ಬಂದ.

ಹೊರಡುವ ಮೊದಲು ಕೆಂಚಿ ಕೇಳಿದಳು, "ಸವಿಯಣ್ಣ, ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ? ಅಲ್ಲಿ ಯಾರ್‍ಯಾರು ಇರುತ್ತಾರೆ? ಏನಾದರೂ ಆದರೆ ಯಾವ ಕಡೆಯಿಂದ ಇಳಿಯಬೇಕು?"

"ನಾನಿರುವಾಗ ಅದೆಲ್ಲ ನಿನಗೇಕಮ್ಮ? ನನ್ನ ಬಾಲ ನೋಡಿಕೊಂಡು ನಡೆ, ಸಾಕು."

ಬೆಳಗಿನ ಮಂಜಿನಲ್ಲಿ ಅವರು ಹತ್ತತೊಡಗಿದರು. ಮೊದಮೊದಲು ಹಕ್ಕಿಗಳು ಕೂಗುತ್ತಿದ್ದವು. ಮೇಲೆ ಹೋದಂತೆ ಮಂಜು ದಟ್ಟವಾಯಿತು. ಹಕ್ಕಿಗಳ ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಕೆಂಚಿಗೆ ತನ್ನ ಗೊರಸಿನ ಸದ್ದೇ ದೊಡ್ಡದಾಗಿ ಕೇಳಿಸಿತು.

ಎರಡು ಬಂಡೆಗಳ ನಡುವೆ ಒಂದು ಇಕ್ಕಟ್ಟಾದ ಓಣಿ ಸಿಕ್ಕಿತು. ಒಳಗೆ ಬರೀ ಕತ್ತಲು, ಬರೀ ಮಂಜು. ಸವಿಯಣ್ಣ ಅಲ್ಲಿ ನಿಂತ. ಮೆಲ್ಲಗೆ ಪಕ್ಕಕ್ಕೆ ಸರಿದ.

"ಇನ್ನು ಮುಂದೆ ನಮ್ಮ ಕೆಂಚಮ್ಮ ನಡೆಯಲಿ" ಎಂದ. "ಪಾಪ, ಬಸುರಿ. ಅವಳ ಹೆಜ್ಜೆಗೆ ತಕ್ಕ ಹಾಗೆ ನಾವೆಲ್ಲ ಹಿಂದೆ ಬರೋಣ. ಅವಳಿಗೆ ಆಯಾಸವಾಗಬಾರದು."

"ಎಂಥ ಒಳ್ಳೆಯ ಮನಸ್ಸು ನಿನ್ನದು!" ಎಂದ ಕುಪ್ಪ.

ಕೆಂಚಿ ಒಂದು ಹೆಜ್ಜೆ ಇಟ್ಟಳು. ಓಣಿಯೊಳಗಿಂದ ತಣ್ಣನೆಯ ಗಾಳಿ ಬಂತು. ಅದರಲ್ಲಿ ಒಂದು ವಾಸನೆ ಇತ್ತು. ಅವಳ ಮೈಯ ರೋಮ ರೋಮವೂ ನೆಟ್ಟಗೆ ನಿಂತಿತು. ಅವಳು ಬಗ್ಗಿ ನೋಡಿದಳು. ಮುಳ್ಳಿನ ಕಂಟಿಗೆ ಮೊಲದ ತುಪ್ಪಳ ಸಿಕ್ಕಿಕೊಂಡಿತ್ತು. ನೆಲದ ಮೇಲೆ ಒಣಗಿದ ಕರಿಯ ಕಲೆಯಿತ್ತು.

ಎಂದಿನಂತೆ ಬೊಗಳಿ ಪೊದೆ ಸೇರಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಳು. ಹೊಟ್ಟೆಯೊಳಗೆ ಮರಿಯೂ ಅಲುಗಾಡದೆ ಸುಮ್ಮನಾಗಿತ್ತು.

"ನಾನು ಹೋಗುವುದಿಲ್ಲ" ಎಂದಳು ಕೆಂಚಿ.

"ಶುರುವಾಯಿತು ಇವಳ ಪುಕ್ಕಲುತನ!" ಎಂದು ಕುಪ್ಪ ಸಿಡುಕಿದ. "ಅಲ್ಲಿ ನನ್ನ ಬೆಳ್ಳಿ ಕಾಯುತ್ತಿದ್ದಾಳೆ. ಸರಿ ಪಕ್ಕಕ್ಕೆ, ನಾನೇ ಮುಂದೆ ಹೋಗುತ್ತೇನೆ."

ಕೆಂಚಿ ಓಣಿಯ ಬಾಯಿಗೆ ಅಡ್ಡ ನಿಂತಳು. "ನೀನೂ ಹೋಗಬೇಡ. ನನಗೆ ಹೆದರಿಕೆಯಾಗುತ್ತಿದೆ. ನಾನು ಪುಕ್ಕಲಿಯೇ, ನಿಜ. ಸವಿಯಣ್ಣ, ದಾರಿ ಬಲ್ಲವರು ನೀವು. ನೀವು ಮೊದಲು ಆಚೆ ದಾಟಿ ಕೂಗಿ. ಆಮೇಲೆ ನಾವು ಬರುತ್ತೇವೆ."

ಸವಿಯಣ್ಣನ ಮುಖದ ನಗು ಒಣಗಿತು. "ನನ್ನ ಮೇಲೆ ನಂಬಿಕೆ ಇಲ್ಲವೇ ತಂಗಿ?"

"ನಂಬಿಕೆಯ ಮಾತೇಕೆ?" ಎಂದು ಮುಳ್ಳಜ್ಜ ಮುಳ್ಳು ಕೆದರಿದ. "ದಾರಿ ನನಗೆ ಗೊತ್ತು ಅಂದೆಯಲ್ಲ. ನಡೆದು ತೋರಿಸು. ಇಲ್ಲದಿದ್ದರೆ ನಾವು ಇಲ್ಲಿಂದಲೇ ಇಳಿಯುತ್ತೇವೆ."

ನರಿ ಓಣಿಯತ್ತ ನೋಡಿದ. ಇವರತ್ತ ನೋಡಿದ. ಇವರು ಇಲ್ಲಿಂದಲೇ ಇಳಿದುಹೋದರೆ ತನಗೆ ಉಳಿಗಾಲವಿಲ್ಲವೆಂದು ಅವನಿಗೆ ಗೊತ್ತಿತ್ತು. ಬಾಲ ಮುದುರಿ, ಗೋಡೆಗೆ ಮೈ ಒತ್ತಿಕೊಂಡು, ಸದ್ದಾಗದ ಹಾಗೆ ಒಳಗೆ ನಡೆದ. ಮಂಜು ಅವನನ್ನು ನುಂಗಿತು.

ಒಂದು ಕಲ್ಲು ಉರುಳಿದ ಸದ್ದು. ಮೇಲಿಂದ ಏನೋ ಭಾರವಾದದ್ದು ದೊಪ್ಪನೆ ಬಿತ್ತು.

"ಒಡೆಯಾ! ನಾನು! ನಾನು ನಿಮ್ಮ ನರಿ!" ಎಂದು ಸವಿಯಣ್ಣ ಚೀರಿದ. "ಬಸುರಿಯನ್ನು ತಂದಿದ್ದೇನೆ! ಹೊರಗೆ ನಿಂತಿದ್ದಾಳೆ! ನನ್ನನ್ನು ಬಿಡಿ!"

ಚಿರತೆಯ ದನಿ ಬಂಡೆಗಳ ನಡುವೆ ಗುಡುಗಿತು. "'ಓಣಿಗೆ ಮೊದಲು ಕಾಲಿಟ್ಟವರು ನಿಮ್ಮ ಪಾಲು' ಎಂದವನು ನೀನೇ ಅಲ್ಲವೇನೋ?"

ಮತ್ತೆ ನರಿಯ ಸದ್ದು ಕೇಳಲಿಲ್ಲ.

ಕೆಂಚಿ ಈಗ ತಡೆದುಕೊಳ್ಳಲಿಲ್ಲ. ಬೆಟ್ಟವೇ ಅದುರುವಂತೆ ಬೊಗಳಿದಳು. "ಓಡಿ! ಕುಪ್ಪಾ, ಓಡು!" ಕುಪ್ಪ ಕಲ್ಲಿನಂತೆ ನಿಂತಿದ್ದ. ಅವಳು ಅವನನ್ನು ತಲೆಯಿಂದ ದೂಡಿಕೊಂಡೇ ಇಳಿದಳು. ಮುಳ್ಳಜ್ಜ ಬೆನ್ನಿನ ಮುಳ್ಳುಗಳನ್ನು ಓಣಿಯ ಕಡೆಗೆ ಚಾಚಿಕೊಂಡು ಹಿಂದಿನಿಂದ ಬಂದ. ಕಾಲು ಜಾರಿತು, ಮೈ ತರಚಿತು. ಯಾರೂ ತಿರುಗಿ ನೋಡಲಿಲ್ಲ. ಮಂಜು ಹರಿದು ಬಿಸಿಲು ಕಂಡ ಮೇಲೆಯೇ ಅವರು ನಿಂತರು.

ಕುಪ್ಪ ಏದುಸಿರು ಬಿಡುತ್ತಾ ಕೇಳಿದ, "ಹಾಗಾದರೆ ಬೆಳ್ಳಿ?"

ಕೆಂಚಿ ಅವನ ಪಕ್ಕದಲ್ಲಿ ಕುಳಿತಳು. ಹೊತ್ತು ಇಳಿಯುವವರೆಗೂ ಕುಳಿತೇ ಇದ್ದಳು.

ಉದುರಿದ ಕಾಯಿ, ಒಣ ತೊಗಟೆ ತಿಂದು ಅವರು ದಿನ ನೂಕಿದರು. ಕೊನೆಗೂ ಮಳೆ ಬಿತ್ತು. ಕೆಂಚಿ ಒಂದು ಹೆಣ್ಣುಮರಿ ಹಾಕಿದಳು. ಮಳೆಗಾಲದಲ್ಲಿ ಬೆಟ್ಟದಿಂದ ಇಳಿದು ಬಂದ ಆನೆಗಳ ಹತ್ತಿರ ಕೆಂಚಿ ತಾನೇ ಹೋದಳು. ನೀರಿನ ಜಾಗ, ಚಿರತೆಯ ಜಾಗ, ಇಳಿಯುವ ಜಾಡು ಎಲ್ಲವನ್ನೂ ಕೇಳಿ ತಿಳಿದಳು. ಈಗ ಅವಳು ಬೊಗಳಿದರೆ ಕಾಡಿನಲ್ಲಿ ಯಾರೂ ನಗುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಕಿವಿ ನಿಮಿರಿಸಿ ಓಡುತ್ತಿದ್ದವನು ಕುಪ್ಪ.

ನೀತಿ: ಕಾಣದ ದಾರಿಗೆ ಸವಿಮಾತನ್ನು ನಂಬಿ ಹೊರಡಬಾರದು, ಕೇಳಿ ತಿಳಿದು ಹೆಜ್ಜೆ ಇಡಬೇಕು. ಪರರಿಗೆ ತೋಡಿದ ಗುಂಡಿಗೆ ತೋಡಿದವನೇ ಬೀಳುತ್ತಾನೆ.