ಕಲಿಯೋಕೆ ಬೇಕಾದ ಅನುಭವ

ರಾಣೆಬೆನ್ನೂರಿನ ಒಂದು ಪಂಪ್ ಕಾರ್ಖಾನೆಯವರಿಗೆ ಫಿಟ್ಟರ್ ಕೆಲಸ ಕಲಿಯುವ ಅಪ್ರೆಂಟಿಸ್ ಬೇಕಾಗಿತ್ತು. ಆಗಷ್ಟೇ ಐಟಿಐ ಮುಗಿಸಿದ್ದ ಮಹಜಬೀನ್ ಆಸೆಯಿಂದ ಹೋದಳು. ಮ್ಯಾನೇಜರ್ ಶೆಣೈ ತಲೆ ಎತ್ತಿಯೂ ನೋಡಲಿಲ್ಲ. "ಎರಡು ವರ್ಷದ ಅನುಭವ ಇದ್ದವರು ಮಾತ್ರ ಬರಬೇಕು" ಎಂದು ಗದರಿ ಕಳಿಸಿದ.

ಹುಡುಗಿ ಐಟಿಐ ಗುಮಾಸ್ತನ ಮುಂದೆ ಬಂದು ನಿಂತಳು. "ಈ ಕೆಲಸ ಸಿಗದಿದ್ರೆ ಚಿಕ್ಕಪ್ಪ ಬೇಕರಿಯಲ್ಲಿ ಕೂರಿಸ್ತಾನೆ ಸರ್. ಕಲಿಯೋ ಮೊದಲೇ ಅನುಭವ ಎಲ್ಲಿಂದ ತರಲಿ?"

ಗುಮಾಸ್ತ "ನಾಳೆ ಬಾ" ಎಂದ. ಮರುದಿನ ಅವಳ ಜೊತೆ ನಡುವಯಸ್ಸಿನ ಒಬ್ಬನನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದ.

"ಸರ್, ಇವನಿಗೆ ಬೇಕಾದಷ್ಟು ಅನುಭವ ಇದೆ. ಐದು ವರ್ಷದಿಂದ ಫಿಟ್ಟರ್ ಕೆಲಸ ಕಲೀತಾನೇ ಇದ್ದಾನೆ."

ಶೆಣೈ ಖುಷಿಪಟ್ಟ. ಮರುಗಳಿಗೆ ಹುಬ್ಬು ಗಂಟಿಕ್ಕಿದ. "ಐದು ವರ್ಷ ಆದ್ರೂ ಕಲಿತಿಲ್ವೇನ್ರೀ?"

"ಕಲಿತಿದ್ರೆ ಮತ್ತೆ ಕಲಿಯೋಕೆ ನಿಮ್ಮ ಹತ್ರ ಯಾಕೆ ಬರ್ತಿದ್ದ ಸರ್?"

"ಅದೂ ನಿಜ. ಆದ್ರೆ ಇಂಥ ದಡ್ಡನನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ಹಾಗಾದ್ರೆ ಕಲಿತು ಮುಗಿಸಿದವರನ್ನ ಕರ್ಕೊಂಡು ಬರ್ಲಾ? ಅವರು ಅಪ್ರೆಂಟಿಸ್ ಆಗೋಕೆ ಒಪ್ಪಲ್ಲ."

ಶೆಣೈ ಆ ಮನುಷ್ಯನನ್ನು ನೋಡಿದ, ಹುಡುಗಿಯನ್ನು ನೋಡಿದ, ತಿರುಗಿ ಆ ಮನುಷ್ಯನನ್ನೇ ನೋಡಿದ. ಹಣೆಯ ಬೆವರು ಒರೆಸಿಕೊಂಡು ಅನುಮಾನದಿಂದ ಕೇಳಿದ.

"ಈ ಹುಡುಗಿಗೆ ಏನೂ ಅನುಭವ ಇಲ್ಲ ತಾನೆ?"

"ಒಂದು ದಿನದ್ದೂ ಇಲ್ಲ ಸರ್."

"ಖಂಡಿತ?"

"ಖಂಡಿತ."

"ಸರಿ, ಸೋಮವಾರದಿಂದ ಬರಲಿ."

ಮಹಜಬೀನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೇಟು ದಾಟಿದ ಮೇಲೆ, ಗುಮಾಸ್ತ ಕರೆತಂದಿದ್ದ ಆ ನಡುವಯಸ್ಸಿನವನು, ಅಂದರೆ ಅವನ ಭಾವಮೈದ, ಖಾನಾವಳಿಯ ಅಡುಗೆಯವನು, ಮೆಲ್ಲಗೆ ಕೇಳಿದ.

"ಭಾವ, ಫಿಟ್ಟರ್ ಅಂದ್ರೇನು?"